ಮೂರು ಸೆಕೆಂಡಿನಲ್ಲಿ ನೂರು ಡಿಗ್ರಿ

ಪ್ರೊಸೆಸರ್ ಅಂದ ಕೂಡಲೇ ನಮ್ಮ ಕ್ಯಾಂಪಸ್ಸಿನಲ್ಲಿ ಎಲ್ಲರ ಕಣ್ಣೂ ಕಂಪ್ಯೂಟರ್ ಸೈನ್ಸ್ ಬ್ಲಾಕಿನ ಕಡೆ ಹೋಗುತ್ತೆ. ಹೆಚ್ಚೆಂದರೆ ಇ ಅಂಡ್ ಸಿ ಕಡೆ. ಮೆಕ್ಯಾನಿಕಲ್ ಕಡೆ ಯಾರೂ ತಿರುಗಿ ಸಹ ನೋಡಲ್ಲ. ನಾವು ಅಂದ್ರೆ ಲೇತು, ವೆಲ್ಡಿಂಗು, ಎಣ್ಣೆ ಬಟ್ಟೆ, ಅಷ್ಟೇ. ಆದ್ರೆ ಸ್ವಲ್ಪ ಯೋಚನೆ ಮಾಡಿ. ಪ್ರೊಸೆಸರ್‌ಗೆ ಕರೆಂಟು ಕೊಟ್ಟರೆ ಅದರಿಂದ ಹೊರಗೆ ಬರೋದು ಎರಡು: ಒಂದು ಉತ್ತರ, ಇನ್ನೊಂದು ಶಾಖ. ಉತ್ತರ ಬೇಕಾದ್ರೆ ಸಿಎಸ್‌ನವರು ಇಟ್ಕೊಳ್ಳಲಿ. ಕೊಟ್ಟ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಗೆ ಬರುತ್ತೆ, ಅದನ್ನ ಸಾಗಿಸೋ ಕೆಲಸ ನಮ್ಮ ಆರನೇ ಸೆಮಿಸ್ಟರಿನ ಹೀಟ್ ಟ್ರಾನ್ಸ್‌ಫರ್ ಪೇಪರಿನದ್ದು.

ಈ ಮಾತನ್ನ ಜಂಭಕ್ಕೆ ಹೇಳ್ತಿಲ್ಲ. ಕಳೆದ ಮೇ ತಿಂಗಳಲ್ಲಿ ನಮ್ಮ ಮನೆಯ ಕಂಪ್ಯೂಟರಿನ ಜೊತೆ ಕಳೆದ ಎರಡು ದಿನದ ಕಥೆ ಹೇಳೋಕೆ ಇದು ಪೀಠಿಕೆ.

ನಮ್ಮೂರು ರಾಯಚೂರು. ಅಣ್ಣ ಮದುವೆ ವಿಡಿಯೋ ಎಡಿಟಿಂಗ್ ಮಾಡ್ತಾನೆ. ಸ್ಟುಡಿಯೋ ಅಂತ ಬೋರ್ಡೇನೂ ಇಲ್ಲ, ಮನೆಯ ಮುಂದಿನ ಕೋಣೆಯೇ ಸ್ಟುಡಿಯೋ. ಅಲ್ಲಿರುವ ಕಂಪ್ಯೂಟರನ್ನ 2021ರಲ್ಲಿ ನಾವಿಬ್ಬರೇ ಬಿಡಿಭಾಗ ತರಿಸಿ ಜೋಡಿಸಿದ್ವಿ. ಆರು ಕೋರಿನ ಪ್ರೊಸೆಸರ್, 16 ಜಿಬಿ ರ್‍ಯಾಮ್. ಗ್ರಾಫಿಕ್ಸ್ ಕಾರ್ಡ್ ಹಾಕಿಸಲಿಲ್ಲ, ಯಾಕಂದ್ರೆ ಆ ವರ್ಷ ಅದರ ಬೆಲೆ ಕೇಳಿದ್ರೆ ತಲೆ ತಿರುಗ್ತಿತ್ತು. ಹಾಗಾಗಿ ವಿಡಿಯೋ ಎಕ್ಸ್‌ಪೋರ್ಟ್ ಮಾಡೋವಾಗ ಹೆಚ್ಚಿನ ಭಾರ ಬೀಳೋದು ಪ್ರೊಸೆಸರ್ ಮೇಲೆ. ಆರೂ ಕೋರು ನೂರಕ್ಕೆ ನೂರು ದುಡೀತಾವೆ. ನಾಲ್ಕು ವರ್ಷ ಹೀಗೇ ದುಡಿದು, ಅದು ಹಾಕಿದ ದುಡ್ಡಿನ ಎಷ್ಟೋ ಪಟ್ಟು ವಾಪಸ್ ಕೊಟ್ಟಿತ್ತು.

ಮಾರ್ಚಿನಲ್ಲಿ ಯಂತ್ರ ಸುಸ್ತಾಗೋಕೆ ಶುರುವಾಯ್ತು. 40 ನಿಮಿಷದಲ್ಲಿ ಮುಗೀತಿದ್ದ ಎಕ್ಸ್‌ಪೋರ್ಟು ಎರಡು ತಾಸು ಹಿಡೀತು, ಆಮೇಲೆ ಮೂರು ತಾಸು. ಏಪ್ರಿಲ್‌ನಲ್ಲಿ ನಡುವೆ ತಾನಾಗೇ ಆಫ್ ಆಗೋ ಚಾಳಿ ಕಲೀತು. ಅಣ್ಣ ಬೈಕಿನ ಮೇಲೆ ಕ್ಯಾಬಿನೆಟ್ ಇಟ್ಕೊಂಡು ರಿಪೇರಿ ಅಂಗಡಿಗೆ ಎರಡು ಸಲ ಹೋಗಿ ಬಂದ. ಎರಡೂ ಸಲ ಪೇಸ್ಟ್ ಬದಲಾಯಿಸಿ ಕೊಟ್ಟರು. ಮೊದಲ ಸಲ ಎರಡು ವಾರ ಚೆನ್ನಾಗಿ ಓಡ್ತು. ಎರಡನೇ ಸಲ ಮೂರೇ ದಿನ. ಮೂರನೇ ಸಲ ಹೋದಾಗ ಅಂಗಡಿಯವರು ತೀರ್ಪು ಕೊಟ್ಟೇಬಿಟ್ಟರು: "ಪ್ರೊಸೆಸರ್ ಹೋಗ್ಯಾದ, ಒಳಗೇ ಶಾರ್ಟ್ ಆಗ್ಯಾದ. ಬೋರ್ಡೂ ಬದಲಿ ಮಾಡ್ಬೇಕು." ಖರ್ಚು ಹದಿನೆಂಟರಿಂದ ಇಪ್ಪತ್ತು ಸಾವಿರ.

ಅಣ್ಣ ಐದು ಮದುವೆಗಳ ಅಡ್ವಾನ್ಸ್ ಈಸ್ಕೊಂಡಿದ್ದ. ಅದು ಆಗಲೇ ಖರ್ಚಾಗಿತ್ತು ಕೂಡ. ಮಾನ್ವಿ ಕಡೆಯ ಒಂದು ಹಳ್ಳಿಯಿಂದ ಒಬ್ಬ ಯಜಮಾನರು ಮಗಳ ಮದುವೆಯ ಪೆನ್‌ಡ್ರೈವ್‌ಗೆ ಅಂತ ಎರಡು ಸಲ ಬಸ್ಸಲ್ಲಿ ಬಂದು ಬರಿಗೈಲಿ ಹೋಗಿದ್ರು. ಜಗಳ ಮಾಡಲಿಲ್ಲ. "ಮಗಳು ಗಂಡನ ಮನಿಗೆ ಹೋಗ್ಯಾಳ, ಆಕಿ ಅವ್ವ ದಿನಾ ಕೇಳ್ತಾಳ ರೀ" ಅಂತಷ್ಟೇ ಅಂದು ಹೋದ್ರಂತೆ. ಜಗಳ ಮಾಡಿದ್ರೇ ಚೆನ್ನಾಗಿತ್ತು ಅಂತ ಅಣ್ಣ ಆಮೇಲೆ ಹೇಳಿದ. ಫೋನಿನಲ್ಲಿ ಅವನು ಇನ್ನೊಂದು ಮಾತೂ ಹೇಳಿದ್ದ: ಹೈದರಾಬಾದಿನ ಯಾವುದೋ ಸ್ಟುಡಿಯೋದಲ್ಲಿ ಸಂಬಳಕ್ಕೆ ಕರೀತಿದಾರೆ, ಇದನ್ನೆಲ್ಲ ಮಾರಿ ಹೋಗಿಬಿಡ್ತೀನಿ ಅಂತ. ಅವ್ವ ಈ ವಿಷಯದ ಬಗ್ಗೆ ಏನೂ ಮಾತಾಡ್ತಿರಲಿಲ್ಲ. ಅವ್ವ ಮಾತಾಡದೇ ಇರೋದು ನಮ್ಮ ಮನೇಲಿ ಒಳ್ಳೆಯ ಲಕ್ಷಣ ಅಲ್ಲ.

ಇಂಟರ್ನಲ್ಸ್ ಮುಗಿದ ರಾತ್ರಿಯೇ ಬಸ್ ಹತ್ತಿದೆ.

ಬೆಳಗ್ಗೆ ಮನೆ ತಲುಪಿದಾಗ ಅಣ್ಣನ ಬಳಿ ಅವನದ್ದೇ ಒಂದು ಥಿಯರಿ ಇತ್ತು. "ರಾಯಚೂರು ಬಿಸಿಲಪ್ಪ ಇದು. ಮನುಷ್ಯಾರೇ ಕುಂತಲ್ಲೇ ಬೀಳ್ಲಿಕತ್ತಾರ, ಮಷೀನ್ ಬೀಳೂದಿಲ್ಲೇನು?" ಮೇ ತಿಂಗಳಲ್ಲಿ ನಮ್ಮೂರಲ್ಲಿ 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ, ಹಾಗಾಗಿ ಆ ಮಾತನ್ನ ತಳ್ಳಿಹಾಕೋ ಹಾಗೂ ಇರಲಿಲ್ಲ. ಅಂದ್ರೆ ನಮ್ಮೆದುರು ಎರಡು ವಾದ. ಅಂಗಡಿಯವರ ಪ್ರಕಾರ ಪ್ರೊಸೆಸರ್ ಸತ್ತಿದೆ. ಅಣ್ಣನ ಪ್ರಕಾರ ಸೂರ್ಯನದ್ದೇ ತಪ್ಪು. ಎರಡಕ್ಕೂ ಸಾಕ್ಷಿ ಬೇಕಿತ್ತು.

ಮೊದಲು ಉಷ್ಣಾಂಶ, ವೇಗ, ವ್ಯಾಟ್ ಮೂರನ್ನೂ ತೋರಿಸುವ ಒಂದು ಉಚಿತ ತಂತ್ರಾಂಶ ಹಾಕಿದೆ. ಇಂಥವು ಬೇಕಾದಷ್ಟಿವೆ, ಎಚ್‌ಡಬ್ಲ್ಯುಇನ್ಫೋ ಅಂಥದ್ದರಲ್ಲೊಂದು. ಕೋಣೆಯ ಉಷ್ಣಾಂಶ 38. ಏನೂ ಕೆಲಸ ಇಲ್ಲದೆ ಸುಮ್ಮನೆ ಕೂತಾಗ ಪ್ರೊಸೆಸರ್ 58 ಡಿಗ್ರಿ, ಎಳೀತಿರೋ ವಿದ್ಯುತ್ತು 9 ವ್ಯಾಟ್. ಎಕ್ಸ್‌ಪೋರ್ಟ್ ಒತ್ತಿದೆ. ಒಂದು, ಎರಡು, ಮೂರು ಅಂತ ಎಣಿಸೋದರೊಳಗೆ 100 ಡಿಗ್ರಿ! ಅಲ್ಲಿಂದ ಮೇಲೆ ಉಷ್ಣಾಂಶ ಅಲ್ಲಾಡಲಿಲ್ಲ, ಬದಲಿಗೆ ವೇಗ ಬಿತ್ತು. 4 ಗಿಗಾಹರ್ಟ್ಸ್ ಹತ್ತಿರ ಇದ್ದದ್ದು 1.6ಕ್ಕೆ ಬಂದು ನಿಂತಿತು. ವಿದ್ಯುತ್ತು 28 ವ್ಯಾಟ್.

ಇದರ ಅರ್ಥ ಗೊತ್ತಿಲ್ಲದವರಿಗೆ: ಇವತ್ತಿನ ಪ್ರೊಸೆಸರ್‌ಗಳು ಅಷ್ಟು ಸುಲಭಕ್ಕೆ ಸುಟ್ಟುಹೋಗಲ್ಲ. ಪ್ರತಿಯೊಂದಕ್ಕೂ ಒಂದು ಗಡಿ ಇರುತ್ತೆ, ನಮ್ಮದಕ್ಕೆ 100 ಡಿಗ್ರಿ. ಆ ಗಡಿ ಮುಟ್ಟಿದ ಕೂಡಲೇ ಅದು ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತೆ. ಖರ್ಚಾಗುವ ಶಕ್ತಿ ಸರಿಸುಮಾರು ವೋಲ್ಟೇಜಿನ ವರ್ಗ ಇಂಟು ಫ್ರೀಕ್ವೆನ್ಸಿ, ಹಾಗಾಗಿ ಎರಡನ್ನೂ ಒಟ್ಟಿಗೆ ಇಳಿಸಿದ್ರೆ ಶಾಖ ದಡದಡ ಇಳಿಯುತ್ತೆ. ಇಷ್ಟು ಮಾಡಿಯೂ ಸಾಲದೆ ಉಷ್ಣಾಂಶ ಇನ್ನೂ ಏರಿದ್ರೆ, ಆಗ ಮಾತ್ರ ಪಟ್ ಅಂತ ಆಫ್. ಅಣ್ಣನ ಯಂತ್ರ ನಿಧಾನ ಆಗಿದ್ದೂ, ಆಮೇಲೆ ಆಫ್ ಆಗತೊಡಗಿದ್ದೂ ಒಂದೇ ಕಾಯಿಲೆಯ ಎರಡು ಹಂತ. ನನಗೆ ಇನ್ನೊಂದು ವಿಷಯ ಸಮಾಧಾನ ಕೊಟ್ಟಿತು. ತನ್ನನ್ನ ತಾನು ಇಷ್ಟು ಲೆಕ್ಕಾಚಾರವಾಗಿ ಕಾಪಾಡಿಕೊಳ್ತಿರೋ ಪ್ರೊಸೆಸರ್ "ಒಳಗೇ ಶಾರ್ಟ್" ಆಗಿರೋ ಸಾಧ್ಯತೆ ಕಡಿಮೆ.

ಆದ್ರೆ ಮರುದಿನ ಬೆಳಗ್ಗೆ ಒಂಬತ್ತಕ್ಕೆ ಮಾನ್ವಿಯ ಯಜಮಾನರು ಮೂರನೇ ಸಲ ಬರೋರಿದ್ರು. ಹಾಗಾಗಿ ಮೊದಲು ಕೆಲಸ, ಪತ್ತೇದಾರಿ ಆಮೇಲೆ ಅಂತ ತೀರ್ಮಾನ ಮಾಡಿದ್ವಿ. ವಿಂಡೋಸ್‌ನ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿ ಅಂತ ಒಂದು ಆಯ್ಕೆ ಇದೆ. 100 ಇರೋದನ್ನ 99 ಮಾಡಿದ್ರೂ ಸಾಮಾನ್ಯವಾಗಿ ಟರ್ಬೋ ವೇಗ ನಿಂತುಹೋಗುತ್ತೆ. ನಾವು ಅದಕ್ಕಿಂತ ಎಷ್ಟೋ ಕೆಳಗೆ ಇಳಿಸಿ, ಕ್ಯಾಬಿನೆಟ್ಟಿನ ಪಕ್ಕದ ಬಾಗಿಲು ತೆಗೆದು, ರಾತ್ರಿ ಹನ್ನೊಂದಕ್ಕೆ ಎಕ್ಸ್‌ಪೋರ್ಟ್‌ಗೆ ಬಿಟ್ಟೆವು. ಎಮ್ಮೆ ನಡಿಗೆ. ಆದ್ರೆ ಉಷ್ಣಾಂಶ 90 ಆಸುಪಾಸಿನಲ್ಲೇ ಇತ್ತು, ಒಮ್ಮೆಯೂ ಆಫ್ ಆಗಲಿಲ್ಲ. ಬೆಳಗಿನ ಜಾವ ನಾಲ್ಕೂ ಕಾಲಿಗೆ ಮುಗೀತು. ಅಣ್ಣ ಪೆನ್‌ಡ್ರೈವ್‌ಗೆ ಕಾಪಿ ಹಾಕಿ, ಟಿವಿಗೆ ಚುಚ್ಚಿ ನೋಡಿ, ಅಲ್ಲೇ ನೆಲದ ಮೇಲೆ ಮಲಗಿಬಿಟ್ಟ.

ನಾನು ಮಲಗಲಿಲ್ಲ. ಸೂರ್ಯನ ಮೇಲಿನ ಆರೋಪ ವಿಚಾರಣೆ ಮಾಡೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ.

ಕೋಣೆ ಆಗ 30 ಡಿಗ್ರಿಗೆ ಇಳಿದಿತ್ತು. ಸೆಟ್ಟಿಂಗ್ ವಾಪಸ್ 100 ಮಾಡಿದೆ. ಸುಮ್ಮನಿದ್ದಾಗ ಪ್ರೊಸೆಸರ್ 50, ಅಂದ್ರೆ ಮಧ್ಯಾಹ್ನಕ್ಕಿಂತ ಸರಿಯಾಗಿ 8 ಡಿಗ್ರಿ ಕಡಿಮೆ. ಕೋಣೆ ಎಷ್ಟು ತಣ್ಣಗಾಯ್ತೋ ಅದೂ ಅಷ್ಟೇ ತಣ್ಣಗಾಗಿತ್ತು. ಭಾರ ಹಾಕಿದೆ. ಮತ್ತೆ 100! ನಾಲ್ಕು ಸೆಕೆಂಡಿನಲ್ಲಿ. ವಿದ್ಯುತ್ತು ಮಾತ್ರ 28ರ ಬದಲು 32 ವ್ಯಾಟ್, ವೇಗ ಒಂದು ಚೂರು ಹೆಚ್ಚು.

ಇಲ್ಲೊಂದು ಸೂಕ್ಷ್ಮ ಇದೆ. ಎರಡೂ ಹೊತ್ತು 100 ಅಂತಲೇ ಕಂಡರೆ ಬಿಸಿಲಿಗೂ ಇದಕ್ಕೂ ಸಂಬಂಧ ಇಲ್ಲ ಅನ್ನಿಸಬಹುದು. ಹಾಗಲ್ಲ. ಗಡಿಯಲ್ಲಿ ನಿಂತ ಪ್ರೊಸೆಸರ್‌ನ ಉಷ್ಣಾಂಶ ನೋಡಿ ಪ್ರಯೋಜನ ಇಲ್ಲ, ಅದು ಯಾವಾಗಲೂ 100 ಅಂತಲೇ ತೋರಿಸುತ್ತೆ. ನೋಡಬೇಕಾದ್ದು ಅಲ್ಲಿ ನಿಂತು ಎಷ್ಟು ವ್ಯಾಟ್ ಎಳೀತಿದೆ ಅಂತ. ಥರ್ಮಲ್ ರೆಸಿಸ್ಟೆನ್ಸ್ ಅಂತ ಓದಿದ್ದೀವಲ್ಲ, ಓಮ್ಸ್ ಲಾ ಥರಾನೇ. ವೋಲ್ಟೇಜ್ ಜಾಗದಲ್ಲಿ ಉಷ್ಣಾಂಶದ ವ್ಯತ್ಯಾಸ, ಕರೆಂಟ್ ಜಾಗದಲ್ಲಿ ವ್ಯಾಟ್. ಮಧ್ಯಾಹ್ನದ ಲೆಕ್ಕ: 100ರಲ್ಲಿ 38 ಕಳೆದರೆ 62, ಅದನ್ನ 28ರಿಂದ ಭಾಗಿಸಿದ್ರೆ ವ್ಯಾಟಿಗೆ 2.2 ಡಿಗ್ರಿ. ಬೆಳಗಿನ ಜಾವದ್ದು: 70 ಭಾಗಿಸು 32, ಮತ್ತೆ 2.2. ಸುಮ್ಮನಿದ್ದಾಗಿನದ್ದು: 20 ಭಾಗಿಸು 9, ಅದೂ 2.2! ಮೂರು ಬೇರೆ ಬೇರೆ ಸ್ಥಿತಿಯಲ್ಲಿ ಒಂದೇ ಸಂಖ್ಯೆ. ಬೆಳಗಿನ ಜಾವ ನಾಲ್ಕೂವರೆಗೆ ರಫ್ ಹಾಳೆಯ ಮೇಲೆ ಅದನ್ನ ನೋಡಿ ನಾನೊಬ್ಬನೇ ನಕ್ಕೆ. ಸೂರ್ಯ ನಿರ್ದೋಷಿ. ಹೊರಗಿನ ಬಿಸಿ ಹೆಚ್ಚಾದ್ರೆ ಒಳಗೂ ಅಷ್ಟೇ ಹೆಚ್ಚುತ್ತೆ ನಿಜ, ಆದ್ರೆ ಶಾಖ ಹೊರಗೆ ಬರೋ ದಾರಿಯಲ್ಲೇ ಎಲ್ಲೋ ಅಡ್ಡಗಟ್ಟೆ ಇದೆ. ಇಂಥ 65 ವ್ಯಾಟಿನ ಪ್ರೊಸೆಸರ್ ಜೊತೆ ಬರೋ ಸಾಮಾನ್ಯ ಹೀಟ್‌ಸಿಂಕ್‌ಗೆ ಈ ಸಂಖ್ಯೆ ಒಂದಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ರೆ 65 ವ್ಯಾಟಿಗೆ 65 ಡಿಗ್ರಿ ಏರಿಕೆ ಆಗಿ, ನಮ್ಮೂರಲ್ಲಿ ಅದು ಬದುಕೋದೇ ಇಲ್ಲ.

ಅಡ್ಡಗಟ್ಟೆ ಎಲ್ಲಿ ಅನ್ನೋದೇ ಈಗಿನ ಪ್ರಶ್ನೆ. ಶಾಖದ ದಾರಿ ಇಷ್ಟು: ಸಿಲಿಕಾನ್, ಅದರ ಮೇಲಿನ ಲೋಹದ ಮುಚ್ಚಳ, ಪೇಸ್ಟ್, ಹೀಟ್‌ಸಿಂಕ್, ಫ್ಯಾನಿನ ಗಾಳಿ, ಕೋಣೆ. ಲ್ಯಾಬಿನಲ್ಲಿ ಕಾಂಪೊಸಿಟ್ ವಾಲ್ ಪ್ರಯೋಗ ಮಾಡಿ ರೀಡಿಂಗ್ ಬರೆದಿದ್ದೀವಲ್ಲ, ಅದೇ ಗೋಡೆ.

ಬೆಳಗ್ಗೆ ಧೂಳಿನಿಂದ ಶುರು ಮಾಡಿದೆ. ನಮ್ಮೂರ ಧೂಳಿಗೆ ತನ್ನದೇ ಒಂದು ವ್ಯಕ್ತಿತ್ವ ಇದೆ, ಯಾವ ಸಂದಿಯನ್ನೂ ಬಿಡಲ್ಲ. ಮೆತ್ತನೆ ಬ್ರಷ್ಷು, ಬ್ಲೋವರ್ ಹಿಡಿದು ಸ್ವಚ್ಛ ಮಾಡಿದೆ. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಯನ್ನ ಬೆರಳಿಂದ ಹಿಡಿದುಕೊಳ್ಳಿ, ಗಾಳಿಗೆ ಅದು ಹುಚ್ಚು ವೇಗದಲ್ಲಿ ತಿರುಗಬಾರದು. ಫಲಿತಾಂಶ: ಸುಮ್ಮನಿದ್ದಾಗ ಒಂದು ಡಿಗ್ರಿ ಇಳಿಕೆ. ಭಾರ ಹಾಕಿದ್ರೆ ಅದೇ 100. ಆಮೇಲೆ ತೆರೆದ ಕ್ಯಾಬಿನೆಟ್ಟಿನ ಮುಂದೆ ಟೇಬಲ್ ಫ್ಯಾನ್ ಇಟ್ಟೆ. ಏನೂ ವ್ಯತ್ಯಾಸ ಇಲ್ಲ. ಪ್ರೊಸೆಸರ್ ಫ್ಯಾನ್ ನಿಮಿಷಕ್ಕೆ 1,900 ಸುತ್ತು ಹೊಡೀತಿತ್ತು, ಅದೂ ಸರಿ. ಗಾಳಿಯ ಕಡೆ ತಪ್ಪಿಲ್ಲ ಅಂತಾಯ್ತು.

ಇಷ್ಟರಲ್ಲಿ ಯಜಮಾನರು ಬಂದ್ರು. ಅಣ್ಣ ಪೆನ್‌ಡ್ರೈವ್ ಕೈಗಿಟ್ಟ. ಅವರು ಅದನ್ನ ಕರ್ಚೀಫಿನಲ್ಲಿ ಸುತ್ತಿ ಒಳಜೇಬಿಗೆ ಹಾಕ್ಕೊಂಡು, ಬಾಕಿ ದುಡ್ಡು ಎಣಿಸಿ ಕೊಟ್ಟು, ಚಹಾ ಕುಡಿದು ಹೋದ್ರು. ಅಣ್ಣನ ಭುಜ ಒಂದು ಇಂಚು ಕೆಳಗಿಳಿದದ್ದು ನನಗೆ ಕಾಣಿಸ್ತು. ಇನ್ನೂ ನಾಲ್ಕು ಮದುವೆ ಬಾಕಿ.

ಮುಂದಿನ ಪರೀಕ್ಷೆಗೆ ಉಪಕರಣವೇ ಬೇಕಿಲ್ಲ, ಬೆರಳು ಸಾಕು. ಎರಡು ನಿಮಿಷ ಭಾರ ಹಾಕಿ, ತೆರೆಯ ಮೇಲೆ 100 ಅಂತ ತೋರಿಸ್ತಿರೋವಾಗಲೇ ಯಂತ್ರ ಆಫ್ ಮಾಡಿ, ಫ್ಯಾನ್ ನಿಂತ ಮೇಲೆ ಹೀಟ್‌ಸಿಂಕಿನ ಅಲ್ಯೂಮಿನಿಯಂ ಮುಟ್ಟಿದೆ. ಉಗುರು ಬೆಚ್ಚಗಿತ್ತು, ಅಷ್ಟೇ. ಒಂದು ಬೆರಳಿನಷ್ಟು ಕೆಳಗೆ 100 ಡಿಗ್ರಿ, ಇಲ್ಲಿ ಉಗುರು ಬೆಚ್ಚಗೆ! ಒಲೆ ಉರೀತಿದೆ, ಪಾತ್ರೆ ಬಿಸಿ ಆಗಿಲ್ಲ ಅಂದ್ರೆ ಏನರ್ಥ? ಪಾತ್ರೆ ಒಲೆಯ ಮೇಲೆ ಸರಿಯಾಗಿ ಕೂತಿಲ್ಲ.

ಆ ಮೂರು ಸೆಕೆಂಡಿನ ಗುಟ್ಟೂ ಆಗಲೇ ಬಿಡಿಸ್ತು. ಹೀಟ್‌ಸಿಂಕ್ 300 ಗ್ರಾಂ ಅಲ್ಯೂಮಿನಿಯಂ ಅಂತ ಇಟ್ಕೊಳ್ಳಿ. ಒಂದು ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾಗೋಕೆ ಸುಮಾರು 0.9 ಜೂಲ್ ಬೇಕು. ಅಂದ್ರೆ ಇಡೀ ತುಂಡಿಗೆ 270 ಜೂಲ್. 65 ವ್ಯಾಟ್ ಪೂರ್ತಿ ಸುರಿದರೂ ಒಂದು ಡಿಗ್ರಿ ಏರೋಕೆ ನಾಲ್ಕು ಸೆಕೆಂಡು ಹಿಡಿಯುತ್ತೆ. ಸರಿಯಾಗಿ ಕೂತ ಹೀಟ್‌ಸಿಂಕ್ ಇದ್ದರೆ ಮೊದಲ ಕ್ಷಣದಲ್ಲಿ ಒಂದಿಷ್ಟು ಜಿಗಿತ, ಆಮೇಲೆ ನಿಮಿಷಗಟ್ಟಲೆ ನಿಧಾನ ಏರಿಕೆ ಇರಬೇಕು. ಮೂರೇ ಸೆಕೆಂಡಿನಲ್ಲಿ 40 ಡಿಗ್ರಿ ಜಿಗಿದರೆ, ಶಾಖ ಹೀಟ್‌ಸಿಂಕಿನ ಬಾಗಿಲು ಬಡಿದು ವಾಪಸ್ ಬರ್ತಿದೆ ಅಂತ ಅರ್ಥ. ನಿಧಾನ ಏರಿದ್ರೆ ಗಾಳಿಯ ತೊಂದರೆ, ಧೂಳಿನ ತೊಂದರೆ. ಥಟ್ ಅಂತ ಏರಿದ್ರೆ ಕೂರೋ ಜಾಗದ ತೊಂದರೆ. ಈ ಒಂದು ವಾಕ್ಯ ನೆನಪಿಟ್ಟರೂ ಸಾಕು.

ಪೇಸ್ಟ್ ಎರಡು ಸಲ ಬದಲಾಗಿದೆಯಲ್ಲ ಅಂತ ಅಣ್ಣ. ನಿಜ, ಪೇಸ್ಟ್ ಹೊಸದೇ ಇತ್ತು. ನಾನು ಹೀಟ್‌ಸಿಂಕಿನ ನಾಲ್ಕು ಮೂಲೆ ನೋಡಿದೆ. ಈ ಬಗೆಯಲ್ಲಿ ಬೋರ್ಡಿನ ನಾಲ್ಕು ತೂತಿಗೆ ನಾಲ್ಕು ಪ್ಲಾಸ್ಟಿಕ್ ಗೂಟ ಒತ್ತಿ ಕೂರಿಸ್ತಾರೆ. ಮೇಲಿನಿಂದ ನೋಡಿದ್ರೆ ನಾಲ್ಕೂ ಸರಿಯಾಗಿಯೇ ಕೂತಿದ್ವು. ಆದ್ರೆ ಒಂದು ಮೂಲೆಯದ್ದು ಬೆರಳಲ್ಲಿ ಅಲ್ಲಾಡಿಸಿದ್ರೆ ಕೂದಲೆಳೆಯಷ್ಟು ಮೇಲೆ ಕೆಳಗೆ ಆಡ್ತಿತ್ತು.

ಬಿಚ್ಚೋ ಮೊದಲು ಖಚಿತ ಮಾಡ್ಕೋಬೇಕು ಅನ್ನಿಸ್ತು. ಓಡ್ತಿರೋ ಬೋರ್ಡಿನ ಮೇಲೆ ಒತ್ತೋಕೆ ಲೋಹ ಬಳಸೋ ಹಾಗಿಲ್ಲ, ಒಣ ಮರ ಬೇಕು. ಅಡುಗೆಮನೆಗೆ ಹೋಗಿ ಲಟ್ಟಣಿಗೆ ತಂದೆ. ಅವ್ವ ಹಿಂದೆಯೇ ಬಂದಳು. "ಎರಡು ದಿನ ಇದ್ದು ಹೋಗಾಂವ, ಅದರಾಗೂ ಡಬ್ಬಿ ಬಿಚ್ಚಿ ಕುಂತಾನ. ಅದನ್ನ ಮುರೀಬ್ಯಾಡ, ಚಪಾತಿ ಮಾಡೂದದ."

ಅಣ್ಣ ತೆರೆಯ ಮುಂದೆ, ನಾನು ಕ್ಯಾಬಿನೆಟ್ ಮುಂದೆ. ಎಕ್ಸ್‌ಪೋರ್ಟ್ ಶುರು ಮಾಡಿಸಿದೆ. "ನೂರು" ಅಂದ. ಲಟ್ಟಣಿಗೆಯ ತುದಿಯನ್ನ ಆ ಮೂಲೆಯ ಮೇಲಿಟ್ಟು ಫ್ಯಾನಿನ ರೆಕ್ಕೆಗೆ ತಾಗದ ಹಾಗೆ ಮೆಲ್ಲಗೆ ಒತ್ತಿದೆ. "ತೊಂಬತ್ತೊಂದು... ಎಂಬತ್ತೇಳು... ಎಂಬತ್ನಾಲ್ಕು! ಏ, ವೇಗ ಏರ್ಲಿಕತ್ತದಲೇ!" ಉಷ್ಣಾಂಶ ಇಳೀತಿತ್ತು, ವೇಗ ಏರ್ತಿತ್ತು, ವಿದ್ಯುತ್ತು 65 ವ್ಯಾಟಿಗೆ ಹೋಗಿ ನಿಂತಿತು. ಕೈ ತೆಗೆದೆ. ಎರಡು ಸೆಕೆಂಡಿನಲ್ಲಿ ಮತ್ತೆ ನೂರು. ಮತ್ತೆ ಒತ್ತಿದೆ, ಮತ್ತೆ 84. ಮೂರನೇ ಸಲ ಅವ್ವ ತಾನೇ ಒತ್ತಿ ನೋಡಿದಳು. ಸತ್ತಿದೆ ಅಂದಿದ್ದ ಪ್ರೊಸೆಸರ್ ನಮ್ಮವ್ವನ ಲಟ್ಟಣಿಗೆಯ ಕೆಳಗೆ ಪೂರ್ತಿ ಶಕ್ತಿಯಲ್ಲಿ ದುಡೀತಿತ್ತು.

ಬಿಚ್ಚಿದಾಗ ಸಾಕ್ಷಿ ಎಲ್ಲ ಬಯಲಿಗೆ ಬಂತು. ಪೇಸ್ಟ್ ಒಂದು ಕಡೆ ಒತ್ತಿ ತೆಳ್ಳಗೆ ಹರಡಿತ್ತು. ಇನ್ನೊಂದು ಕಡೆ ಹಾಕಿದ ಹಾಗೇ ದಪ್ಪಗೆ, ಹೀಟ್‌ಸಿಂಕಿನ ತಳ ತಾಗಿದ ಗುರುತೇ ಇಲ್ಲ. ಬೋರ್ಡಿನ ಹಿಂಬದಿ ಟಾರ್ಚ್ ಹಿಡಿದು ನೋಡಿದ್ರೆ ಆ ಮೂಲೆಯ ಗೂಟದ ಸೀಳು ಕಾಲು ಒಂದು ಕಡೆ ಬಿರುಕು ಬಿಟ್ಟಿತ್ತು. ನಾಲ್ಕು ವರ್ಷ ಬಿಸಿ, ತಂಪು, ಬಿಸಿ, ತಂಪು. ಆಮೇಲೆ ಮತ್ತೆ ಮತ್ತೆ ಬಿಚ್ಚಿ ಹಾಕಿದ್ದು, ಬೈಕಿನ ಕುಲುಕಾಟ. ಯಾವುದರಿಂದ ಯಾವಾಗ ಮುರೀತು ಅಂತ ಪ್ಲಾಸ್ಟಿಕ್ ಹೇಳಲ್ಲ. ಹೊಸ ಪೇಸ್ಟಿನ ದಪ್ಪ ಪದರ ಒಂದಿಷ್ಟು ದಿನ ಆ ಸಂದಿಯನ್ನ ತುಂಬಿ ಮರೆಮಾಚಿರಬೇಕು. ಹಾಗಾಗಿಯೇ ಪ್ರತಿ ರಿಪೇರಿಯೂ ಕೆಲವು ದಿನ ಕೆಲಸ ಮಾಡಿದ್ದು.

ಇಷ್ಟು ಸಣ್ಣ ಸಂದಿ ಇಷ್ಟೊಂದು ಮಾಡುತ್ತಾ ಅಂತ ಅಣ್ಣ ಕೇಳಿದ. ಲೆಕ್ಕ ಹಾಕಿ ತೋರಿಸಿದೆ. ಮುಚ್ಚಳ 9 ಚದರ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. ತಾಮ್ರದ ಉಷ್ಣವಾಹಕತೆ 400ರ ಹತ್ತಿರ, ಅಲ್ಯೂಮಿನಿಯಂದು 235ರ ಹತ್ತಿರ, ಪೇಸ್ಟಿನದ್ದು ಒಂದು 5 ಅನ್ನಿ. ನಿಂತ ಗಾಳಿಯದ್ದು? 0.026. ಹತ್ತನೇ ಒಂದು ಮಿಲಿಮೀಟರ್ ದಪ್ಪದ ಪೇಸ್ಟಿನ ಮೂಲಕ 65 ವ್ಯಾಟ್ ದಾಟಿಸೋಕೆ ಒಂದೂವರೆ ಡಿಗ್ರಿ ವ್ಯತ್ಯಾಸ ಸಾಕು. ಅಷ್ಟೇ ದಪ್ಪದ ಗಾಳಿಯ ಮೂಲಕ ದಾಟಿಸಬೇಕಾದ್ರೆ 270 ಡಿಗ್ರಿಗೂ ಹೆಚ್ಚು ಬೇಕು! ನಮ್ಮದರಲ್ಲಿ ಒಂದು ಅಂಚು ತಾಗಿತ್ತು ಅನ್ನೋದರಿಂದಲೇ ಅದು ಉಸಿರಾಡ್ತಿತ್ತು. ಇನ್ನೊಂದು ಹೋಲಿಕೆ ಅವನಿಗೆ ಬೇಗ ಹತ್ತಿತು. ಇಸ್ತ್ರಿ ಪೆಟ್ಟಿಗೆ 1,000 ವ್ಯಾಟ್, ತಳ ಸುಮಾರು 200 ಚದರ ಸೆಂಟಿಮೀಟರ್. ಅಂದ್ರೆ ಚದರ ಸೆಂಟಿಮೀಟರಿಗೆ 5 ವ್ಯಾಟ್. ಪ್ರೊಸೆಸರ್ ಒಳಗಿನ ಸಿಲಿಕಾನ್ ತುಂಡು ಎರಡು ಚದರ ಸೆಂಟಿಮೀಟರ್ ಇದ್ದರೆ, ಅಲ್ಲಿ 65 ವ್ಯಾಟ್ ಅಂದ್ರೆ ಚದರ ಸೆಂಟಿಮೀಟರಿಗೆ 30ಕ್ಕೂ ಹೆಚ್ಚು. ಉರಿಯೋ ಇಸ್ತ್ರಿಗಿಂತ ಆರು ಪಟ್ಟು ದಟ್ಟ ಶಾಖ. ಅದಕ್ಕೆ ಹೋಗೋಕೆ ದಾರಿ ಸಿಗದಿದ್ರೆ ಏನಾಗಬೇಕು ಹೇಳಿ.

ಈ ದಟ್ಟಣೆ ಇಡೀ ಉದ್ಯಮದ ದಿಕ್ಕನ್ನೇ ತಿರುಗಿಸಿದೆ. 1978ರ 8086 ಚಿಪ್ಪಿನ ತಲೆಯ ಮೇಲೆ ಹೀಟ್‌ಸಿಂಕೇ ಇರ್ತಿರಲಿಲ್ಲ. ಟ್ರಾನ್ಸಿಸ್ಟರ್ ಚಿಕ್ಕದಾದಂತೆ ವೋಲ್ಟೇಜೂ ಇಳಿಯುತ್ತೆ, ಶಾಖದ ದಟ್ಟಣೆ ಹಾಗೇ ಇರುತ್ತೆ ಅಂತ ಡೆನ್ನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ತೋರಿಸಿದ್ದರು. ಎಷ್ಟೋ ವರ್ಷ ಅದು ನಡೀತು, 2000ದ ದಶಕದಲ್ಲಿ ನಿಂತಿತು. ಸೋರಿಕೆ ಕರೆಂಟಿನಿಂದಾಗಿ ವೋಲ್ಟೇಜನ್ನ ಮೊದಲಿನಂತೆ ಇಳಿಸೋಕೆ ಆಗಲಿಲ್ಲ. ಹೀಗೇ ಹೋದ್ರೆ ಚಿಪ್ಪಿನ ಶಾಖದ ದಟ್ಟಣೆ ಪರಮಾಣು ರಿಯಾಕ್ಟರನ್ನೂ ಮೀರುತ್ತೆ ಅಂತ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್ 2001ರಲ್ಲೇ ಎಚ್ಚರಿಸಿದ್ರು. 2004ರಲ್ಲಿ ಇಂಟೆಲ್ ಟೆಜಾಸ್ ಅನ್ನೋ ಯೋಜನೆಯನ್ನೇ ಕೈಬಿಟ್ಟು, ಹೆಚ್ಚು ವೇಗದ ಬದಲು ಹೆಚ್ಚು ಕೋರುಗಳ ದಾರಿ ಹಿಡೀತು. ನಮ್ಮ ಲ್ಯಾಪ್‌ಟಾಪುಗಳಲ್ಲಿ ಇವತ್ತು ಆರು, ಎಂಟು ಕೋರು ಇರೋದಕ್ಕೆ, ಸಿಎಸ್‌ನವರು ಪ್ಯಾರಲಲ್ ಪ್ರೋಗ್ರಾಮಿಂಗ್ ಅಂತ ತಲೆ ಕೆಡಿಸ್ಕೊಳ್ಳೋದಕ್ಕೆ ಶಾಖವೂ ಒಂದು ದೊಡ್ಡ ಕಾರಣ.

ಅಷ್ಟೆಲ್ಲ ದೊಡ್ಡ ವಿಷಯ ಬಿಡಿ, ನಮಗೆ ಬೇಕಾಗಿದ್ದು ಒಂದು ಗೂಟ. ರಾಯಚೂರಿನಲ್ಲಿ ನಾವು ಕೇಳಿದ ಅಂಗಡಿಗಳಲ್ಲಿ ಅದು ಸಿಗಲಿಲ್ಲ. ಹೊಸ ಕೂಲರ್ ತರಿಸಿದ್ರೆ ನಾಲ್ಕು ದಿನ. ಕಾಯೋಕೆ ಪುರುಸೊತ್ತಿರಲಿಲ್ಲ, ಹಾರ್ಡ್‌ವೇರ್ ಅಂಗಡಿಗೆ ಹೋದೆವು. ನಾಲ್ಕು ಎಂ3 ಬೋಲ್ಟು, ನಟ್ಟು, ಒಂದು ಹಿಡಿ ಫೈಬರ್ ವಾಷರ್. 60 ರೂಪಾಯಿಯೂ ಆಗಲಿಲ್ಲ. ಹಳೇ ಪೇಸ್ಟ್ ಒರೆಸೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಮೊಬೈಲ್ ರಿಪೇರಿ ಅಂಗಡಿಯ ಗೆಳೆಯನೊಬ್ಬ ಪುಕ್ಕಟೆ ಕೊಟ್ಟ. ಹಳೇ ಗೂಟಗಳನ್ನ ಕಿತ್ತು, ಅವುಗಳ ಸ್ಪ್ರಿಂಗನ್ನೇ ಬೋಲ್ಟಿಗೆ ಪೋಣಿಸಿದ್ವಿ, ಒತ್ತಡ ಮಿತಿಯಲ್ಲಿ ಇರಲಿ ಅಂತ. ಬೋರ್ಡಿಗೆ ಲೋಹ ತಾಗದ ಹಾಗೆ ಎರಡೂ ಬದಿ ಫೈಬರ್ ವಾಷರ್. ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್. ಬಿಗಿದದ್ದು ಕಾರಿನ ಚಕ್ರದ ನಟ್ಟಿನ ಹಾಗೆ: ಒಂದನ್ನ ಅರ್ಧ ಸುತ್ತು, ಅದರ ಎದುರು ಮೂಲೆಯದ್ದು ಅರ್ಧ ಸುತ್ತು, ಹೀಗೆ ಅಡ್ಡಡ್ಡ. ಒಂದೇ ಮೂಲೆ ಪೂರ್ತಿ ಬಿಗಿದ್ರೆ ಮತ್ತೆ ವಾರೆ. ಎಲ್ಲವನ್ನೂ ಜಾಸ್ತಿ ಬಿಗಿದ್ರೆ ಬೋರ್ಡೇ ಬಗ್ಗುತ್ತೆ.

ಸಂಜೆ ಐದು. ಕೋಣೆ ಅದೇ 38. ಸುಮ್ಮನಿದ್ದಾಗ 44. ಎಕ್ಸ್‌ಪೋರ್ಟ್ ಒತ್ತಿದ. ಮೂವರೂ ಉಸಿರು ಹಿಡಿದು ನೋಡ್ತಿದ್ವಿ. 60... 66... ಆಮೇಲೆ ನಿಧಾನ, ನಿಧಾನ. ಹತ್ತು ನಿಮಿಷ ಆದ ಮೇಲೆ 79ರಲ್ಲಿ ನಿಂತಿತು. 65 ವ್ಯಾಟ್, ಪೂರ್ತಿ ವೇಗ. 41 ಭಾಗಿಸು 65, ವ್ಯಾಟಿಗೆ 0.63 ಡಿಗ್ರಿ. 2.2 ಎಲ್ಲಿ, 0.63 ಎಲ್ಲಿ! ಹೀಟ್‌ಸಿಂಕ್ ಮುಟ್ಟಿ ನೋಡಿದೆ. ಈ ಸಲ ಬೆರಳು ಬೇಗ ವಾಪಸ್ ತೆಗೆಯೋ ಹಾಗಿತ್ತು. ಹೀಟ್‌ಸಿಂಕ್ ಬಿಸಿಯಾಗಿದೆ ಅಂತ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ವಾರ ಕಳೆಯೋದರೊಳಗೆ ನಾಲ್ಕೂ ಮದುವೆ ಮುಗಿಸಿ ಕೊಟ್ಟ ಅಣ್ಣ. ಆಮೇಲೆ ಹಿಂಬದಿ ಲೋಹದ ಪಟ್ಟಿ ಇರೋ, ಸ್ಕ್ರೂ ಹಾಕಿ ಕೂರಿಸೋ ಬಗೆಯ ಕೂಲರ್ ತರಿಸಿದ. ಹೈದರಾಬಾದಿಗೆ ಹೋಗಿಲ್ಲ. ಮುಂದೆ ಹೋಗ್ತಾನೋ ಏನೋ, ಅದು ಅವನಿಷ್ಟ. ಆದ್ರೆ ಹೋದ್ರೂ ತಾನು ಆರಿಸಿಕೊಂಡು ಹೋಗ್ತಾನೆ, ಒಂದು ಪ್ಲಾಸ್ಟಿಕ್ ಗೂಟ ಮುರಿದಿದ್ದಕ್ಕಲ್ಲ. ಅಂಗಡಿಯವರ ಮೇಲೂ ನನಗೆ ಸಿಟ್ಟಿಲ್ಲ. ದಿನಕ್ಕೆ ಹತ್ತಾರು ಯಂತ್ರ ನೋಡೋರಿಗೆ ಒಂದರ ಮುಂದೆ ಬೆಳಗಿನ ಜಾವದವರೆಗೆ ಕೂರೋಕೆ ಆಗಲ್ಲ. ನಮಗೆ ಆಗುತ್ತೆ, ಯಾಕಂದ್ರೆ ಅದು ನಮ್ಮದು.

ಹಾಸ್ಟೆಲ್‌ನಲ್ಲಿ ಪಿಸಿ ಇಟ್ಕೊಂಡಿರೋರು, ಗೇಮ್ ಆಡೋವಾಗ ಪಕ್ಕದ ರೂಮಿಗೆ ಕೇಳೋ ಹಾಗೆ ಫ್ಯಾನ್ ಕಿರುಚಿಸೋರು, ಪ್ರಾಜೆಕ್ಟಿಗೆ ರಾತ್ರಿಯೆಲ್ಲ ಮಾಡೆಲ್ ಟ್ರೇನ್ ಮಾಡೋರು, ನಿಮಗೆ ಹೇಳೋದು ಇಷ್ಟೇ. ಹೊಸ ಪ್ರೊಸೆಸರ್‌ಗೆ ಮನೆಗೆ ಫೋನ್ ಮಾಡೋ ಮೊದಲು ಕೋಣೆಯ ಉಷ್ಣಾಂಶ ಬರ್ಕೊಳ್ಳಿ. ಸುಮ್ಮನಿದ್ದಾಗ ಎಷ್ಟು ಡಿಗ್ರಿ, ಎಷ್ಟು ವ್ಯಾಟ್ ಬರ್ಕೊಳ್ಳಿ. ಭಾರ ಹಾಕಿ ಸೆಕೆಂಡು ಎಣಿಸಿ. ಆಫ್ ಮಾಡಿ ಹೀಟ್‌ಸಿಂಕ್ ಮುಟ್ಟಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ ಮೇಲೆ ಮತ್ತೆ ಅಳೆಯಿರಿ. ಇಷ್ಟು ಮಾಡಿಯೂ ಗೊತ್ತಾಗದಿದ್ರೆ ಮೆಕ್ಯಾನಿಕಲ್ ಬ್ಲಾಕಿಗೆ ಬನ್ನಿ, ಥರ್ಮಲ್ ಲ್ಯಾಬಿನ ಪಕ್ಕ ಇರ್ತೀವಿ. ಬರುವಾಗ ಲಟ್ಟಣಿಗೆ ನೀವೇ ತನ್ನಿ, ನಮ್ಮವ್ವ ಇನ್ನೊಂದು ಸಲ ಕೊಡಲ್ಲ.